ಬ್ಲಾಕ್ ಬಿಚ್ಚದೆ 370 ಪಿಎಸ್: ಮಲೆನಾಡಿನ ರಸ್ತೆಗೊಂದು ಟರ್ಬೊ ಕಾರು

(ಶಿವಮೊಗ್ಗದಲ್ಲಿ ಗ್ಯಾರೇಜು ನಡೆಸುವವರು, ಆಟೊಮೊಬೈಲ್ ವಿದ್ಯಾರ್ಥಿಗಳು ಮತ್ತು ಕಾರಿನ ಆಸಕ್ತರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಸ್ಟಾಕ್ ಬ್ಲಾಕ್ ಇಟ್ಟುಕೊಂಡೇ ಟರ್ಬೊ ಕಾರಿನ ಪವರ್ ಏರಿಸುವುದು ಹೇಗೆ ಅನ್ನುವುದು ಇವತ್ತಿನ ಮಾತು. ಮೊದಲು ‘ಸ್ಟಾಕ್ ಬ್ಲಾಕ್’ ಅಂದರೆ ಯಾವುದು ಅಂತ ಗೆರೆ ಹಾಕಿಕೊಳ್ಳೋಣ. ಬ್ಲಾಕು, ಕ್ರ್ಯಾಂಕು, ಕನೆಕ್ಟಿಂಗ್ ರಾಡು, ಪಿಸ್ಟನ್ನು, ರಿಂಗು. ಇಷ್ಟೂ ಕಂಪನಿಯಿಂದ ಬಂದ ಹಾಗೇ ಇರುತ್ತವೆ, ಸಂಪು (ಇಂಜಿನ್ನಿನ ತಳದ ಆಯಿಲ್ ತಟ್ಟೆ) ಬಿಚ್ಚುವುದಿಲ್ಲ, ಹೆಡ್ ಎತ್ತುವುದಿಲ್ಲ. ಬದಲಾಗುವುದೆಲ್ಲ ಹೊರಗಿನ ಸಾಮಾನು ಮತ್ತು ಇಸಿಯುವಿನ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನ, ಒಳಗಿನ ಲೆಕ್ಕ. ಮಾತು ಗಾಳಿಯಲ್ಲಿ ತೇಲಬಾರದು ಅಂತ ಒಂದೇ ಇಂಜಿನ್ ಹಿಡಿದುಕೊಳ್ಳುತ್ತೇವೆ: 2017ರಲ್ಲಿ ನಮ್ಮ ದೇಶಕ್ಕೆ ಬಂದ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230ರಲ್ಲಿರುವ 2.0 ಟಿಎಸ್‌ಐ. ಇಎ888 ಕುಟುಂಬದ ಮೂರನೇ ತಲೆಮಾರು. 1,984 ಸಿಸಿ, ಬೋರ್ 82.5 ಮಿಲಿಮೀಟರ್, ಸ್ಟ್ರೋಕ್ 92.8, ಕಂಪ್ರೆಶನ್ 9.6ಕ್ಕೆ 1. ಕಂಪನಿ ಕೊಟ್ಟಿದ್ದು 230 ಪಿಎಸ್ (ಅಶ್ವಶಕ್ತಿ), 350 ನ್ಯೂಟನ್ ಮೀಟರ್ (ಎನ್‌ಎಂ) ಟಾರ್ಕ್, ಅಂದರೆ ತಿರುಗಿಸುವ ಬಲ. ನಾವು ಹೋಗಬೇಕಾಗಿರುವುದು 370 ಪಿಎಸ್‌ಗೆ. ಅದೂ ತೀರ್ಥಹಳ್ಳಿಗೆ ಹೋಗಿ ಬರುವ, ಮಳೆಗಾಲದಲ್ಲೂ ಓಡುವ ಕಾರಿನಲ್ಲಿ.

ಇಲ್ಲಿ ಬಹಳ ಜನ ತಪ್ಪು ಅಂಕಿಯ ಹಿಂದೆ ಬೀಳುತ್ತಾರೆ. ‘ಈ ಬ್ಲಾಕು ಎಷ್ಟು ಪಿಎಸ್ ತಡೆಯುತ್ತೆ?’ ಅಂತ ಕೇಳುತ್ತಾರೆ. ಬ್ಲಾಕಿಗೆ ಪಿಎಸ್ ಗೊತ್ತೇ ಇಲ್ಲ. ಪಿಸ್ಟನ್ನಿಗೂ ರಾಡಿಗೂ ಗೊತ್ತಾಗುವುದು ಸಿಲಿಂಡರಿನ ಒಳಗಿನ ಒತ್ತಡ ಮಾತ್ರ. ಅದನ್ನು ಹೊರಗಿನಿಂದ ಅಂದಾಜು ಮಾಡಲು ಇರುವ ಸುಲಭದ ದಾರಿ ಟಾರ್ಕು. ಪವರ್ ಅನ್ನುವುದು ಟಾರ್ಕನ್ನು ಆರ್‌ಪಿಎಮ್‌ನಿಂದ ಗುಣಿಸಿ 9,549ರಿಂದ ಭಾಗಿಸಿದರೆ ಬರುವ ಕಿಲೊವ್ಯಾಟ್, ಅಷ್ಟೆ. 420 ಎನ್‌ಎಂ ಟಾರ್ಕು 2,500 ಆರ್‌ಪಿಎಮ್‌ನಲ್ಲಿ ಬಂದರೆ ಪವರ್ 150 ಪಿಎಸ್. ಅದೇ 420 ಎನ್‌ಎಂ 6,200ರಲ್ಲಿ ಬಂದರೆ 370 ಪಿಎಸ್. ಎರಡೂ ಕಡೆ ಪ್ರತಿ ಹೊಡೆತಕ್ಕೆ ರಾಡಿನ ಮೇಲೆ ಬೀಳುವ ಭಾರ ಹೆಚ್ಚುಕಡಿಮೆ ಒಂದೇ. ಅಂದಮೇಲೆ ಕೆಳಗಿನ ಆರ್‌ಪಿಎಮ್‌ನಲ್ಲಿ ಟಾರ್ಕ್ ಸುರಿಯುವುದು ಬ್ಲಾಕಿನ ಆಯಸ್ಸನ್ನು ಪುಕ್ಕಟೆ ಖರ್ಚು ಮಾಡಿದ ಹಾಗೆ. ಡೈನೊ (ಪವರ್ ಅಳೆಯುವ ಯಂತ್ರ) ಕೊಡುವ ಚೀಟಿಯಲ್ಲಿ ಟಾರ್ಕಿನ ಗೆರೆ ಗುಡ್ಡದ ಹಾಗೆ ಎದ್ದು ಬಿದ್ದರೆ ನೋಡಲು ಚೆಂದ, ಓಡಿಸಲು ಅಪಾಯ. ನಮಗೆ ಬೇಕಿರುವುದು 3,500ರಿಂದ 6,200ರ ತನಕ ಮಟ್ಟಸವಾಗಿ ನಿಲ್ಲುವ ಗೆರೆ.

ಭಾರ ಎಷ್ಟು ಅಂತ ಒಂದು ಲೆಕ್ಕ ಮಾಡೋಣ. 82.5 ಮಿಲಿಮೀಟರ್ ಬೋರಿನ ಪಿಸ್ಟನ್ನಿನ ತಲೆಯ ವಿಸ್ತೀರ್ಣ ಸುಮಾರು 53.5 ಚದರ ಸೆಂಟಿಮೀಟರ್. ದಹನದ ತುತ್ತತುದಿಯಲ್ಲಿ 120 ಬಾರ್ ಒತ್ತಡ ಬಂದರೆ ಒಂದು ಪಿಸ್ಟನ್ನಿನ ಮೇಲೆ ಆರೂವರೆ ಟನ್ ಕೂತ ಹಾಗಾಯಿತು. ಅಡಿಕೆ ದಬ್ಬೆಯನ್ನು ನೆಟ್ಟಗೆ ನಿಲ್ಲಿಸಿ ಮೇಲಿನಿಂದ ಒತ್ತಿದರೆ ನಡು ಬಾಗುತ್ತದಲ್ಲ, ರಾಡು ಬಾಗುವುದೂ ಹಾಗೆಯೇ. ಕೆಳಗಿನ ಆರ್‌ಪಿಎಮ್‌ನಲ್ಲಿ ಇದು ಹೆಚ್ಚು ಕೆಟ್ಟದ್ದು, ಯಾಕೆಂದರೆ ಅಲ್ಲಿ ಪಿಸ್ಟನ್ ನಿಧಾನವಾಗಿ ಇಳಿಯುತ್ತದೆ, ಒತ್ತಡ ಹೆಚ್ಚು ಹೊತ್ತು ನಿಲ್ಲುತ್ತದೆ, ನಾಕಿಂಗ್, ಅಂದರೆ ಇಂಧನ ಹೊತ್ತಲ್ಲದ ಹೊತ್ತಲ್ಲಿ ತಾನಾಗೇ ಸಿಡಿಯುವುದು, ಆಗಲಿಕ್ಕೂ ಹೆಚ್ಚು ಸಮಯ ಸಿಗುತ್ತದೆ. ಮೇಲಿನ ಆರ್‌ಪಿಎಮ್‌ನ ತೊಂದರೆ ಬೇರೆ ಥರದ್ದು. ಅಲ್ಲಿ ಪಿಸ್ಟನ್ ಮೇಲೆ ಬಂದು ತಿರುಗುವಾಗ ರಾಡನ್ನೂ ಅದರ ಬೋಲ್ಟನ್ನೂ ಎಳೆಯುತ್ತದೆ. ಈ ಎಳೆತ ಆರ್‌ಪಿಎಮ್‌ನ ವರ್ಗದಂತೆ ಏರುತ್ತದೆ. 6,500ರ ಮಿತಿಯನ್ನು 7,200ಕ್ಕೆ ಏರಿಸಿದರೆ ಎಳೆತ ಶೇಕಡಾ 23ರಷ್ಟು ಜಾಸ್ತಿ. ಹಾಗಾಗಿ ಕಂಪನಿಯ ರೆವ್ ಲಿಮಿಟ್ ಮುಟ್ಟಬೇಡಿ. ಸಣ್ಣ ಟರ್ಬೊದಲ್ಲಿ ಅಲ್ಲಿಂದಾಚೆ ಪವರ್ ಹೇಗೂ ಬೀಳುತ್ತಿರುತ್ತದೆ.

ಬ್ಲಾಕಿನ ವಿಷಯಕ್ಕೆ ಬಂದರೆ, ಶಿವಮೊಗ್ಗದವರಿಗೆ ಎರಕದ ಕಬ್ಬಿಣದ ಗುಣ ಹೇಳಿಕೊಡಬೇಕಾಗಿಲ್ಲ. ಮಾಚೇನಹಳ್ಳಿಯ ಫೌಂಡ್ರಿಗಳಲ್ಲಿ ಕೆಲಸ ಮಾಡಿದವರು ಇಲ್ಲೇ ಕೂತಿರಬಹುದು. ಇಎ888ರ ಬ್ಲಾಕು ಬೂದು ಎರಕದ ಕಬ್ಬಿಣ, ಗೋಡೆ ತೆಳು, ಮೂರು ಮಿಲಿಮೀಟರಿನ ಆಸುಪಾಸು. ಬೂದು ಕಬ್ಬಿಣ ಒತ್ತಿದರೆ ತಡೆಯುತ್ತದೆ, ಎಳೆದರೆ ಬಿರುಕು ಬಿಡುತ್ತದೆ. ಸಮನಾಗಿ ಏರುವ ಒತ್ತಡವನ್ನು ಅದು ವರ್ಷಗಟ್ಟಲೆ ಹೊರುತ್ತದೆ, ನಾಕಿಂಗಿನ ಸುತ್ತಿಗೆ ಹೊಡೆತವನ್ನಲ್ಲ. ಆದರೂ ಅನುಭವದಲ್ಲಿ ಮೊದಲು ಹೋಗುವುದು ಬ್ಲಾಕಲ್ಲ. ಮೊದಲು ಪಿಸ್ಟನ್ನಿನ ರಿಂಗ್ ಕೂರುವ ಅಂಚು ಒಡೆಯುತ್ತದೆ, ಆಮೇಲೆ ರಾಡು ಬಾಗುತ್ತದೆ, ಬ್ಲಾಕು ತೂತಾಗುವುದು ಕಡೆಗೆ, ಆ ರಾಡು ಹೊರಗೆ ಬಂದಾಗ.

ನಾವು ಈ ಇಂಜಿನ್ನಿಗೆ ಇಟ್ಟುಕೊಳ್ಳುವ ಟಾರ್ಕಿನ ಮಿತಿ 420 ಎನ್‌ಎಂ. ಸ್ಟಾಕ್ ರಾಡಿನಲ್ಲಿ 500 ದಾಟಿಸಿ ಓಡಿಸುವವರು ಇದ್ದಾರೆ. ಆದರೆ 2,000 ಸಿಸಿಗೆ 420 ಅಂದರೇನೇ ಸರಾಸರಿ ಪರಿಣಾಮಕಾರಿ ಒತ್ತಡ 26.6 ಬಾರ್, ಕಂಪನಿಯ 350ಕ್ಕೆ ಅದು 22.2 ಇತ್ತು. ಶೇಕಡಾ 20 ಜಾಸ್ತಿ. ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ, ಏಪ್ರಿಲ್ ಬಿಸಿಲಿಗೆ, ಘಾಟಿಗೆ ಸೇರಿಸಿ ನೋಡಿದಾಗ ಇದಕ್ಕಿಂತ ಮೇಲೆ ಹೋಗುವುದು ನಮ್ಮ ಮಟ್ಟಿಗೆ ಜಾಣತನವಲ್ಲ. ಇಸಿಯುವಿನ ಟಾರ್ಕ್ ಮಿತಿಯ ಕೋಷ್ಟಕವನ್ನು ಹೀಗೆ ತುಂಬಿಸುತ್ತೇವೆ: 2,000ದಲ್ಲಿ 250, 2,500ರಲ್ಲಿ 320, 3,000ದಲ್ಲಿ 380, 3,500ರಿಂದ 6,200ರ ತನಕ 420, ಅಲ್ಲಿಂದ 6,500ಕ್ಕೆ 390ರ ಹತ್ತಿರ ಇಳಿಕೆ.

ಕೆಲಸ ಶುರುವಾಗುವುದು ಇಂಜಿನ್ನಿನ ಆರೋಗ್ಯ ನೋಡುವುದರಿಂದ. ಇದನ್ನು ಬಿಟ್ಟು ಟರ್ಬೊ ತರಿಸಬೇಡಿ. ಇಂಜಿನ್ ಬಿಸಿ ಇರುವಾಗ ನಾಲ್ಕೂ ಪ್ಲಗ್ ತೆಗೆದು, ಕಾಯಿಲ್ ಮತ್ತು ಇಂಜೆಕ್ಟರ್ ಕನೆಕ್ಟರ್ ಕಳಚಿ, ಥ್ರಾಟಲ್ ಪೂರ್ತಿ ತೆರೆದಿಟ್ಟು ಕಂಪ್ರೆಶನ್ ಅಳೆಯಿರಿ. ಅಂಕಿಗಿಂತ ಮುಖ್ಯ ಸಿಲಿಂಡರುಗಳ ನಡುವಿನ ವ್ಯತ್ಯಾಸ. ಶೇಕಡಾ 10 ಮೀರಿದರೆ ಅಲ್ಲಿ ಕಥೆ ಇದೆ. ನಂತರ ಲೀಕ್‌ಡೌನ್, ಅಂದರೆ ಸಿಲಿಂಡರಿಗೆ ಗಾಳಿ ತುಂಬಿ ಎಷ್ಟು ಸೋರುತ್ತದೆ ಅಂತ ನೋಡುವುದು: ಶೇಕಡಾ 10ರ ಒಳಗಿದ್ದರೆ ಒಳ್ಳೆಯದು, 20 ದಾಟಿದರೆ ಈ ಯೋಜನೆ ಅಲ್ಲಿಗೇ ನಿಲ್ಲಬೇಕು. ಗಾಳಿ ಎಲ್ಲಿಂದ ಹೊರಡುತ್ತದೆ ಅಂತ ಕಿವಿಗೊಟ್ಟು ಕೇಳಿ. ಆಯಿಲ್ ಮುಚ್ಚಳದಲ್ಲಿ ಬುಸ್ ಅಂದರೆ ರಿಂಗು, ಸೈಲೆನ್ಸರಿನಲ್ಲಿ ಬಂದರೆ ಎಕ್ಸಾಸ್ಟ್ ವಾಲ್ವು, ಕೂಲೆಂಟ್ ಡಬ್ಬಿಯಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್. ಬೋರ್‌ಸ್ಕೋಪ್ ಇಳಿಸಿ ಗೋಡೆಯ ಮೇಲೆ ಉದ್ದುದ್ದ ಗೀರು ಇದೆಯಾ ನೋಡಿ. ಇದೇ ಹೊತ್ತಿಗೆ ಇನ್‌ಟೇಕ್ ವಾಲ್ವುಗಳ ಮೇಲಿನ ಕಾರ್ಬನ್ನನ್ನೂ ನೋಡಿ. ಪೆಟ್ರೋಲು ನೇರ ಸಿಲಿಂಡರಿಗೇ ಹೋಗುವ ಇಂಜಿನ್ನಿನಲ್ಲಿ ಆ ವಾಲ್ವುಗಳನ್ನು ತೊಳೆಯುವವರಿಲ್ಲ, 60-70 ಸಾವಿರ ಕಿಲೊಮೀಟರಿಗೆ ದಪ್ಪ ಪದರ ಕಟ್ಟಿರುತ್ತದೆ. ವಾಲ್‌ನಟ್ ಪುಡಿ ಊದಿ ತೆಗೆಸಿ.

ಈ ಇಂಜಿನ್ನಿನಲ್ಲಿ ಥರ್ಮೊಸ್ಟಾಟ್ ಮತ್ತು ವಾಟರ್ ಪಂಪ್ ಕೂರುವ ಪ್ಲಾಸ್ಟಿಕ್ ಮನೆ ಸೋರುವುದು ಎಲ್ಲರಿಗೂ ತಿಳಿದ ವಿಷಯ. ಸೋರಿಕೆಯ ಗುರುತು ಇದ್ದರೆ ಈಗಲೇ ಬದಲಿಸಿ. ಕ್ರ್ಯಾಂಕ್‌ಕೇಸಿನ ಉಸಿರಾಟದ ವಾಲ್ವು, ಅಂದರೆ ಪಿಸಿವಿ, ಒಳಗಿನ ಪೊರೆ ಹರಿದಿದ್ದರೆ ಬೂಸ್ಟು (ಟರ್ಬೊ ತಳ್ಳುವ ಒತ್ತಡದ ಗಾಳಿ) ನೇರ ಸಂಪಿಗೆ ನುಗ್ಗಿ ಸೀಲುಗಳನ್ನು ಹೊರಗೆ ತಳ್ಳುತ್ತದೆ. ಹೊಸದು ಹಾಕಿ, ಜೊತೆಗೆ ಒಳಗೆ ಜಾಲರಿ ಇರುವ ಕ್ಯಾಚ್ ಕ್ಯಾನ್ ಕೂರಿಸಿ. ಆಯಿಲ್ ಆವಿ ಗಾಳಿಯ ಜೊತೆ ಒಳಗೆ ಹೋದರೆ ಪೆಟ್ರೋಲಿನ ಆಕ್ಟೇನ್ (ನಾಕಿಂಗ್ ತಡೆಯುವ ಗುಣ) ಬಿದ್ದ ಹಾಗೆಯೇ. ಮಲೆನಾಡಿನಲ್ಲಿ ಒಂದು ಹೆಚ್ಚಿನ ಕೆಲಸ ಇದೆ: ಜೂನ್‌ನಿಂದ ಸೆಪ್ಟೆಂಬರ್ ತನಕ ಕ್ಯಾನಿನಲ್ಲಿ ಆಯಿಲಿಗಿಂತ ನೀರೇ ಹೆಚ್ಚು ಸೇರುತ್ತದೆ, ಮಜ್ಜಿಗೆ ಬಣ್ಣದ ದ್ರವ. ಅದನ್ನು ಕಂಡು ಹೆಡ್ ಗ್ಯಾಸ್ಕೆಟ್ ಹೋಯಿತು ಅಂತ ಹೆದರಬೇಡಿ. ಕೂಲೆಂಟ್ ಮಟ್ಟ ಇಳಿಯದಿದ್ದರೆ ಅದು ಗಾಳಿಯ ತೇವವೇ. ವಾರಕ್ಕೊಮ್ಮೆ ಖಾಲಿ ಮಾಡಿ.

ಈಗ ಗಾಳಿ. ನನ್ನ ಪ್ರಕಾರ ನಮ್ಮ ಊರಿನ ಕಾರುಗಳಲ್ಲಿ ಎಲ್ಲಕ್ಕಿಂತ ಕಡೆಗಣಿಸಿದ ಲೆಕ್ಕ ಇದೇ. ಬೆಂಗಳೂರಿನಲ್ಲೋ ಹೊರದೇಶದಲ್ಲೋ ಮಾಡಿದ ಮ್ಯಾಪನ್ನು (ಇಸಿಯುವಿನ ಲೆಕ್ಕದ ಕೋಷ್ಟಕಗಳನ್ನು) ಹಾಗೇ ತಂದು ಹಾಕುತ್ತಾರೆ.

370 ಪಿಎಸ್‌ಗೆ ನಿಮಿಷಕ್ಕೆ 17 ಕೆಜಿಯ ಹತ್ತಿರ ಗಾಳಿ ಬೇಕು. ಅದಕ್ಕೆ ಮ್ಯಾನಿಫೋಲ್ಡಿನಲ್ಲಿ ಸುಮಾರು 2.5 ಬಾರ್ ಒತ್ತಡ ಇರಬೇಕು. ಇದು ಒಟ್ಟು ಒತ್ತಡ, ವಾತಾವರಣದ್ದೂ ಸೇರಿ. ಗಾಳಿ ತಣಿಸುವ ಇಂಟರ್‌ಕೂಲರಿನಲ್ಲಿ ಕಳೆದುಹೋಗುವ 0.12 ಸೇರಿಸಿದರೆ ಟರ್ಬೊ ಹೊರಗೆ ತಳ್ಳಬೇಕಾದದ್ದು 2.62. ಸಮುದ್ರಮಟ್ಟದ ಮಲ್ಪೆಯಲ್ಲಿ ವಾತಾವರಣ 1.013 ಬಾರ್, ಫಿಲ್ಟರಿನಲ್ಲಿ 0.04 ಹೋದರೆ ಟರ್ಬೊದ ಬಾಯಿಗೆ ಸಿಗುವುದು 0.973. ಟರ್ಬೊದಿಂದ ಹೊರಬರುವ ಒತ್ತಡಕ್ಕೂ ಒಳಹೋಗುವ ಒತ್ತಡಕ್ಕೂ ಇರುವ ಅನುಪಾತ 2.7. ಶಿವಮೊಗ್ಗ ಇರುವುದು 570 ಮೀಟರ್ ಎತ್ತರದಲ್ಲಿ, ಇಲ್ಲಿನ ಒತ್ತಡ 0.947. ಅನುಪಾತ ಆಗಲೇ 2.9. ಇದೇ ಕಾರನ್ನು ಬಾಬಾಬುಡನ್‌ಗಿರಿ ಸಾಲಿಗೆ, ಮುಳ್ಳಯ್ಯನಗಿರಿಯ 1,930 ಮೀಟರ್ ಎತ್ತರದ ಕಡೆಗೆ ಹತ್ತಿಸಿ. ಅಲ್ಲಿ ವಾತಾವರಣ 0.80 ಬಾರ್. 2.5 ಬಾರ್ ಬೇಕೇಬೇಕು ಅಂತ ಇಸಿಯು ಹಟ ಹಿಡಿದರೆ ಅನುಪಾತ 3.4 ದಾಟುತ್ತದೆ. ಈ ಗಾತ್ರದ ಟರ್ಬೊಗೆ ಅದು ಮಿತಿ ಮೀರಿದ ವೇಗ. ಶಾಫ್ಟು ಹೆಚ್ಚು ತಿರುಗುತ್ತದೆ, ಕಂಪ್ರೆಸರಿನ ದಕ್ಷತೆ ಬೀಳುತ್ತದೆ, ಗಾಳಿ ಬರೀ ಬಿಸಿಯಾಗುತ್ತದೆ, ಕಡೆಗೆ ಬೇರಿಂಗು ಹೋಗುತ್ತದೆ. ಇದಕ್ಕೆ ಮದ್ದು ಸುಲಭ: ಅನುಪಾತಕ್ಕೆ 2.9ರ ಮಿತಿ ಹಾಕುವುದು. ಆಗ ಅಷ್ಟು ಎತ್ತರದಲ್ಲಿ ಮ್ಯಾನಿಫೋಲ್ಡಿಗೆ 2.1 ಬಾರ್ ಸಿಗುತ್ತದೆ, ಪವರ್ ಶೇಕಡಾ 16ರಷ್ಟು ಕಡಿಮೆ. ಅಲ್ಲಿಯ ರಸ್ತೆಗೆ ಅದು ಬೇಕಾದಷ್ಟಾಯಿತು.

ಬಿಸಿಯ ಲೆಕ್ಕವನ್ನೂ ನೋಡಿ. ಏಪ್ರಿಲ್ ಮಧ್ಯಾಹ್ನ ಹೊರಗೆ 35 ಡಿಗ್ರಿ. ಅನುಪಾತ 2.9, ಕಂಪ್ರೆಸರ್ ದಕ್ಷತೆ ಶೇಕಡಾ 68 ಅಂತ ಇಟ್ಟುಕೊಂಡರೆ ಟರ್ಬೊದಿಂದ ಹೊರಬರುವ ಗಾಳಿ 195 ಡಿಗ್ರಿ ಇರುತ್ತದೆ. ಅದನ್ನು 55ರ ಒಳಗೆ ತರುವುದು ಇಂಟರ್‌ಕೂಲರಿನ ಕೆಲಸ. ಕಂಪನಿಯದ್ದು ಒಂದು ಸಲ ಎಳೆದರೆ ತಡೆಯುತ್ತದೆ, ಎರಡನೇ ಸಲಕ್ಕೆ ಸೋಲುತ್ತದೆ, ಘಾಟಿಯ ಮೂರನೇ ತಿರುವಿಗೆ ಗಾಳಿ 70 ಡಿಗ್ರಿ ದಾಟಿರುತ್ತದೆ. ಆದ್ದರಿಂದ ಮೊದಲು ಇಂಟರ್‌ಕೂಲರು, ಆಮೇಲೆ ಟರ್ಬೊ. ದಪ್ಪ ಕೋರಿನದ್ದು, ಬಾರ್ ಅಂಡ್ ಪ್ಲೇಟ್ ಥರದ್ದು ಹಾಕಿ. ಅದರ ಹಿಂದೆ ರೇಡಿಯೇಟರ್ ಇರುವುದರಿಂದ ತೀರಾ ದಪ್ಪನಾದದ್ದು ರೇಡಿಯೇಟರಿಗೆ ಹೋಗುವ ಗಾಳಿಯನ್ನೇ ತಡೆಯುತ್ತದೆ, ಅದನ್ನೂ ಗಮನಿಸಿ. ಸುತ್ತಲಿನ ಸಂದಿಗಳನ್ನು ಫೋಮು, ರಬ್ಬರ್ ಪಟ್ಟಿಯಿಂದ ಮುಚ್ಚಿದರೆ ಗಾಳಿ ಪಕ್ಕದಿಂದ ತಪ್ಪಿಸಿಕೊಳ್ಳುವುದಿಲ್ಲ. ಕಡಿಮೆ ಖರ್ಚಿನ ಈ ಕೆಲಸವನ್ನು ಯಾರೂ ಮಾಡುವುದಿಲ್ಲ. ತೋಟದ ರಸ್ತೆಯ ಕೆಮ್ಮಣ್ಣು ಮಳೆಗಾಲದಲ್ಲಿ ಕೋರಿನ ಎಸಳುಗಳಲ್ಲಿ ಮೆತ್ತಿಕೊಂಡು ಒಣಗುತ್ತದೆ. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಬಿಟ್ಟು ತೊಳೆಯಿರಿ, ಪ್ರೆಶರ್ ವಾಷರ್ ಹತ್ತಿರ ಹಿಡಿದರೆ ಎಸಳು ಮಡಚಿಹೋಗುತ್ತವೆ.

ಟರ್ಬೊ ಆಯ್ಕೆ ಇಲ್ಲಿ ಕಷ್ಟವಿಲ್ಲ. ಇದೇ ಇಂಜಿನ್ ಕುಟುಂಬದ ಗಾಲ್ಫ್ ಆರ್‌ನಲ್ಲಿ 300 ಪಿಎಸ್ ಕೊಟ್ಟ ಐಎಚ್‌ಐ ಕಂಪನಿಯ ಐಎಸ್38 ಟರ್ಬೊ ಈ ಹೆಡ್ಡಿಗೆ ನೇರ ಕೂರುತ್ತದೆ. ಹಳೆಯ ಐಎಸ್20 ಬಿಚ್ಚಿ ಇದನ್ನು ಹಾಕುವಾಗ ಆಯಿಲ್ ಬರುವ ಪೈಪಿನ ವಾಷರು, ಹೋಗುವ ಪೈಪಿನ ಗ್ಯಾಸ್ಕೆಟ್, ಎಕ್ಸಾಸ್ಟ್ ಗ್ಯಾಸ್ಕೆಟ್, ಸ್ಟಡ್ಡು, ನಟ್ಟು ಎಲ್ಲ ಹೊಸದು. ಆಯಿಲ್ ಬರುವ ಪೈಪಿನಲ್ಲಿ ಕರಿ ಕಟ್ಟಿದ್ದರೆ ತೊಳೆದು ಹಾಕುವ ಯೋಚನೆ ಬೇಡ, ಬದಲಿಸಿ. ಕೂರಿಸುವ ಮೊದಲು ಬೇರಿಂಗಿಗೆ ಆಯಿಲ್ ಸುರಿದು ಕೈಯಿಂದ ತಿರುಗಿಸಿ. ಮೊದಲ ಸಲ ಸ್ಟಾರ್ಟ್ ಮಾಡುವಾಗ ಇಂಜೆಕ್ಟರ್ ಕಳಚಿ ಆಯಿಲ್ ಒತ್ತಡ ಬರುವ ತನಕ ಸೆಲ್ಫ್ ಹೊಡೆಯಿರಿ. ಬೂಸ್ಟನ್ನು ಹಿಡಿತದಲ್ಲಿಡುವ ಇಲೆಕ್ಟ್ರಾನಿಕ್ ವೇಸ್ಟ್‌ಗೇಟನ್ನು ಡಯಾಗ್ನಸ್ಟಿಕ್ ಸಾಧನದಿಂದ ಹೊಂದಿಸಿಕೊಳ್ಳಿ, ಹೊಂದಿಸದಿದ್ದರೆ ಬೂಸ್ಟು ಒಮ್ಮೆ ಹೆಚ್ಚು ಒಮ್ಮೆ ಕಡಿಮೆ ಬರುತ್ತದೆ. ಡೌನ್‌ಪೈಪ್ 76 ಮಿಲಿಮೀಟರ್ ಸಾಕು, ಅದರಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಇರಲೇಬೇಕು. ಅದನ್ನು ಕಿತ್ತು ಹಾಕಿದರೆ ಹೊಗೆ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತೀರಿ, ಅದಕ್ಕಿಂತ ಹೆಚ್ಚಾಗಿ ಅದು ತಪ್ಪು.

ಎಲ್ಲ ಪೈಪ್ ಜೋಡಿಸಿದ ಮೇಲೆ ಸೋರಿಕೆ ಪರೀಕ್ಷೆ. ಟರ್ಬೊ ಔಟ್‌ಲೆಟ್ ಪೈಪಿಗೆ ಮುಚ್ಚಳ ಬಿಗಿದು, ಪಂಕ್ಚರ್ ಅಂಗಡಿಯ ಕಂಪ್ರೆಸರಿಗೆ ರೆಗ್ಯುಲೇಟರ್ ಹಾಕಿ ನಿಧಾನವಾಗಿ 1.5 ಬಾರ್ ತನಕ ಗಾಳಿ ಬಿಡಿ, ಕೀಲುಗಳಿಗೆಲ್ಲ ಸೋಪಿನ ನೀರು ಹಚ್ಚಿ. ಟರ್ಬೊದ ಮುಂಭಾಗದಿಂದ ಗಾಳಿ ಕೊಟ್ಟರೆ ಅದು ಪಿಸಿವಿ ಮೂಲಕ ಸಂಪಿಗೂ ಹೋಗುತ್ತದೆ, ಎಚ್ಚರ.

ಫಿಲ್ಟರ್ ವಿಷಯದಲ್ಲಿ ಮಲೆನಾಡಿಗೆ ಒಂದೇ ಮಾತು: ಬಂಪರಿನ ಕೆಳಗೆ ಇಡಬೇಡಿ. ತಂಪು ಗಾಳಿಯ ಆಸೆಗೆ ಅಲ್ಲಿಟ್ಟು, ತುಂಬಿದ ಕೊಚ್ಚೆಯಲ್ಲಿ ಇಳಿದರೆ ಸಿಲಿಂಡರಿಗೆ ನೀರು ಹೋಗುತ್ತದೆ. ನೀರು ಕುಗ್ಗುವುದಿಲ್ಲ, ರಾಡು ಬಾಗುತ್ತದೆ. ಕಂಪನಿಯ ಮುಚ್ಚಿದ ಡಬ್ಬಿಯಲ್ಲೇ ದೊಡ್ಡ ಪೇಪರ್ ಫಿಲ್ಟರ್ ಹಾಕಿದರೆ 370ಕ್ಕೆ ಸಾಲುತ್ತದೆ.

ಪೆಟ್ರೋಲಿಗೆ ಬರೋಣ. ಈಗ ಬಂಕಿನಲ್ಲಿ ಸಿಗುವುದು ಇ20, ಶೇಕಡಾ 20 ಎಥನಾಲ್. ಇದರ ಬಗ್ಗೆ ಜನ ಒಂದೋ ಹೆದರುತ್ತಾರೆ, ಇಲ್ಲವೋ ಸಂಭ್ರಮಿಸುತ್ತಾರೆ. ಎರಡೂ ಅರ್ಧ ಸರಿ. ಎಥನಾಲ್ ಆವಿಯಾಗುವಾಗ ಹೆಚ್ಚು ಶಾಖ ಹೀರುತ್ತದೆ, ನಾಕಿಂಗ್ ತಡೆಯುತ್ತದೆ, ಟರ್ಬೊ ಇಂಜಿನ್ನಿಗೆ ಇದು ವರ. ಆದರೆ ಶುದ್ಧ ಪೆಟ್ರೋಲಿನ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕಾದರೆ ಇ20ಗೆ 13.5ರ ಹತ್ತಿರ. ಅಂದರೆ ಅದೇ ಗಾಳಿಗೆ ಶೇಕಡಾ 9ರಷ್ಟು ಹೆಚ್ಚು ಇಂಧನ ಸುರಿಯಬೇಕು. ನೇರ ಇಂಜೆಕ್ಷನ್ನಿನಲ್ಲಿ ಇದು ಸಣ್ಣ ವಿಷಯವಲ್ಲ. 6,500 ಆರ್‌ಪಿಎಮ್‌ನಲ್ಲಿ ಒಂದು ಇನ್‌ಟೇಕ್ ಸ್ಟ್ರೋಕಿಗೆ ಇರುವ ಸಮಯ 4.6 ಮಿಲಿಸೆಕೆಂಡ್. ಪೋರ್ಟ್ ಇಂಜೆಕ್ಟರಿಗೆ ಎರಡು ಸುತ್ತಿನ 18.5 ಮಿಲಿಸೆಕೆಂಡ್ ಪೂರ್ತಿ ಸಿಗುತ್ತದೆ, ನೇರ ಇಂಜೆಕ್ಟರು ಈ ಸಣ್ಣ ಕಿಂಡಿಯಲ್ಲೇ ಬಹುಪಾಲು ಕೆಲಸ ಮುಗಿಸಬೇಕು. ಒತ್ತಡ 200 ಬಾರ್ ನಿಲ್ಲದಿದ್ದರೆ ಇಂಧನ ಸಾಲದೆ ಮಿಶ್ರಣ ತೆಳುವಾಗುತ್ತದೆ, ತುಂಬು ಬೂಸ್ಟಿನಲ್ಲಿ ಮಿಶ್ರಣ ತೆಳುವಾದರೆ ಪಿಸ್ಟನ್ ಕರಗುತ್ತದೆ. ಹಾಗಾಗಿ ಹೈ ಪ್ರೆಶರ್ ಪಂಪಿನ ಒಳಗಿನ ಪ್ಲಂಜರ್ ದೊಡ್ಡದು ಹಾಕಿ, ಟ್ಯಾಂಕಿನ ಪಂಪು ಗಂಟೆಗೆ 150 ಲೀಟರಿಗೆ ಕಡಿಮೆ ಇಲ್ಲದೆ ಕೊಡುತ್ತದೆಯೇ ಅಂತ ಅಳೆದು ನೋಡಿ. ಲಾಗಿನಲ್ಲಿ (ಇಸಿಯುವಿನ ದಾಖಲೆಯಲ್ಲಿ) ಕೇಳಿದ ಒತ್ತಡಕ್ಕಿಂತ ಬಂದ ಒತ್ತಡ 15 ಬಾರ್ ಕಡಿಮೆಯಾದ ಕ್ಷಣಕ್ಕೇ ಬೂಸ್ಟ್ ಇಳಿಯುವ ಹಾಗೆ ಮ್ಯಾಪಿನಲ್ಲಿ ಕಟ್ಟಿ.

100 ಆಕ್ಟೇನ್ ಪೆಟ್ರೋಲು ದೊಡ್ಡ ಊರುಗಳ ಕೆಲವು ಬಂಕುಗಳಲ್ಲಿ ಸಿಗುತ್ತದೆ, ಕೊಪ್ಪದಲ್ಲೋ ಹೊಸನಗರದಲ್ಲೋ ಟ್ಯಾಂಕ್ ಖಾಲಿಯಾದಾಗ ಅದೇ ಸಿಗಬೇಕು ಅಂತ ಕಾದು ಕೂರಲಾಗುವುದಿಲ್ಲ. ಕಾರನ್ನು ಟ್ಯೂನ್ ಮಾಡಬೇಕಾದದ್ದು ಸಿಗುವುದರಲ್ಲಿ ಕನಿಷ್ಠದ್ದಕ್ಕೆ. ಇನ್ನೊಂದು: ಎಥನಾಲ್ ನೀರನ್ನು ಎಳೆದುಕೊಳ್ಳುತ್ತದೆ. ಜುಲೈ ತಿಂಗಳಲ್ಲಿ ಅರ್ಧ ಟ್ಯಾಂಕ್ ಇಟ್ಟು ವಾರಗಟ್ಟಲೆ ಕಾರು ನಿಲ್ಲಿಸಬೇಡಿ, ತುಂಬಿಸಿ ನಿಲ್ಲಿಸಿ. ನೀರು ಹೆಚ್ಚಾದರೆ ಎಥನಾಲ್ ನೀರಿನ ಜೊತೆ ತಳಕ್ಕೆ ಇಳಿದುಬಿಡುತ್ತದೆ, ಮೇಲೆ ಉಳಿದ ಪೆಟ್ರೋಲಿನ ಆಕ್ಟೇನ್ ಬಿದ್ದಿರುತ್ತದೆ.

ಸ್ಪಾರ್ಕ್ ಪ್ಲಗ್ ಕಂಪನಿಯದ್ದಕ್ಕಿಂತ ಒಂದು ಹೆಜ್ಜೆ ತಣ್ಣನೆಯದು, ಅಂತರ 0.6ರಿಂದ 0.7 ಮಿಲಿಮೀಟರ್. ಎನ್‌ಜಿಕೆಯಲ್ಲಿ ಅಂಕಿ ಏರಿದರೆ ತಣ್ಣನೆ, ಬಾಷ್‌ನಲ್ಲಿ ಅಂಕಿ ಇಳಿದರೆ ತಣ್ಣನೆ. ಅಂಗಡಿಯಲ್ಲಿ ಇದು ಅದಲುಬದಲಾಗುವುದು ಸಾಮಾನ್ಯ.

ಟ್ಯೂನಿಂಗ್ ಡೈನೊ ಮೇಲೆ ನಡೆಯಬೇಕು. ಸವಳಂಗ ರಸ್ತೆಯಲ್ಲೂ ಬೈಪಾಸಿನಲ್ಲೂ ಅಲ್ಲ. ವೇಸ್ಟ್‌ಗೇಟ್ ಪೂರ್ತಿ ತೆರೆದ ಕನಿಷ್ಠ ಬೂಸ್ಟಿನಿಂದ ಶುರು ಮಾಡಿ, 0.2 ಬಾರ್‌ನಂತೆ ಏರಿಸಿ. ಪ್ರತಿ ಎಳೆತದ ಲಾಗಿನಲ್ಲೂ ಲ್ಯಾಂಬ್ಡಾ (ಇಂಧನ ಪೂರ್ತಿ ಉರಿಯಲು ಬೇಕಾದ ಗಾಳಿಗೆ ಹೋಲಿಸಿದರೆ ಇರುವ ಗಾಳಿ), ನಾಲ್ಕೂ ಸಿಲಿಂಡರುಗಳ ನಾಕ್ ರಿಟಾರ್ಡ್ (ನಾಕ್ ಕಂಡು ಇಸಿಯು ಸ್ಪಾರ್ಕನ್ನು ಹಿಂದೆ ಸರಿಸಿದ ಡಿಗ್ರಿ), ಒಳಹೋಗುವ ಗಾಳಿಯ ಶಾಖ, ರೈಲ್ ಒತ್ತಡ, ವೇಸ್ಟ್‌ಗೇಟ್ ಸ್ಥಿತಿ, ಎಕ್ಸಾಸ್ಟ್ ಶಾಖ ಇಷ್ಟನ್ನೂ ನೋಡಿ. ತುಂಬು ಭಾರದಲ್ಲಿ ಲ್ಯಾಂಬ್ಡಾ 0.80ರಿಂದ 0.83. ಗಾಳಿ-ಪೆಟ್ರೋಲ್ ಅನುಪಾತ ತೋರಿಸುವ ಗೇಜ್ ನಂಬಬೇಡಿ, ಎಥನಾಲ್ ಸೇರಿದ ಮೇಲೆ ಆ ಅಂಕಿಗೆ ಅರ್ಥವಿಲ್ಲ, ಲ್ಯಾಂಬ್ಡಾ ಮಾತ್ರ ಸುಳ್ಳು ಹೇಳುವುದಿಲ್ಲ. ಟರ್ಬೈನಿನ ಮುಂದೆ ಶಾಖ 950 ಡಿಗ್ರಿ ದಾಟಬಾರದು. ನಾಕ್ ಶುರುವಾಗುವ ಜಾಗ ಹುಡುಕಿ ಅದಕ್ಕಿಂತ ಎರಡು ಡಿಗ್ರಿ ಹಿಂದೆ ಇಗ್ನಿಶನ್ ನಿಲ್ಲಿಸಿ. ಒಂದೇ ಸಿಲಿಂಡರ್ ಪದೇ ಪದೇ ನಾಲ್ಕು ಡಿಗ್ರಿ ಹಿಂದೆ ಸರಿಯುತ್ತಿದ್ದರೆ ಸುಮ್ಮನೆ ಟೈಮಿಂಗ್ ಕಡಿಮೆ ಮಾಡಿ ಮುಂದೆ ಹೋಗಬೇಡಿ. ಆ ಸಿಲಿಂಡರಿನ ಪ್ಲಗ್, ಇಂಜೆಕ್ಟರ್, ಕಾರ್ಬನ್ ನೋಡಿ, ಕಾರಣ ಅಲ್ಲೇ ಎಲ್ಲೋ ಇರುತ್ತದೆ.

ಇನ್ನು ಕಾಲದ ವಿಷಯ. ಮಳೆಗಾಲದಲ್ಲಿ ಮಾಡಿದ ಟ್ಯೂನ್ ಬೇಸಿಗೆಯಲ್ಲಿ ನಿಲ್ಲುವುದಿಲ್ಲ. 25 ಡಿಗ್ರಿಯ ತೇವ ತುಂಬಿದ ಗಾಳಿಯಲ್ಲಿ ಶೇಕಡಾ ಮೂರಕ್ಕಿಂತ ಹೆಚ್ಚು ನೀರಾವಿ ಇರುತ್ತದೆ. ಅದು ಆಮ್ಲಜನಕದ ಜಾಗ ತಿನ್ನುವುದರಿಂದ ಪವರ್ ಸ್ವಲ್ಪ ಕಡಿಮೆ, ಆದರೆ ನಾಕಿಂಗನ್ನು ತಣಿಸುತ್ತದೆ. ಜುಲೈನಲ್ಲಿ ಧೈರ್ಯವಾಗಿ ಕೊಟ್ಟ ಟೈಮಿಂಗು ಮಾರ್ಚ್ ಕೊನೆಯ ಒಣ ಬಿಸಿಲಿನಲ್ಲಿ ನಾಕ್ ಆಗುತ್ತದೆ. ಅಂತಿಮ ಮ್ಯಾಪು ಏಪ್ರಿಲಿನದ್ದಾಗಿರಲಿ, ಮಳೆಗಾಲಕ್ಕೆ ಅದು ತಾನಾಗೇ ಸುರಕ್ಷಿತ.

ಘಾಟಿಯ ಬಗ್ಗೆ ಬಿಡಿಸಿ ಹೇಳಲೇಬೇಕು, ಯಾಕೆಂದರೆ ಸ್ಟಾಕ್ ಬ್ಲಾಕುಗಳಿಗೆ ನಮ್ಮಲ್ಲಿ ಅಪಾಯ ಇರುವುದು ಅಲ್ಲೇ, ಅದೂ ಜೋರಾಗಿ ಓಡಿಸುವಾಗ ಅಲ್ಲ. ಸೋಮೇಶ್ವರದಿಂದ ಆಗುಂಬೆಗೆ 14 ತಿರುವು ಹತ್ತುವಾಗ ಗೇರ್‌ಬಾಕ್ಸ್ ಡಿ ಯಲ್ಲಿದ್ದರೆ ಅದು ಮೈಲೇಜಿಗಾಗಿ ದೊಡ್ಡ ಗೇರ್ ಹಿಡಿದು 1,800 ಆರ್‌ಪಿಎಮ್‌ನಲ್ಲಿ ಎಳೆಯುತ್ತದೆ. ಚಾಲಕ ಪೆಡಲ್ ಒತ್ತುತ್ತಾನೆ, ಟರ್ಬೊ ಪೂರ್ತಿ ಬೂಸ್ಟ್ ತುಂಬುತ್ತದೆ, ಪಿಸ್ಟನ್ ನಿಧಾನವಾಗಿ ಚಲಿಸುತ್ತಿರುತ್ತದೆ. ಆಗ ರಿಂಗಿನ ಸಂದಿಯಿಂದ ಹಾರಿದ ಆಯಿಲ್-ಪೆಟ್ರೋಲ್ ಹನಿಯೊಂದು ಸ್ಪಾರ್ಕಿಗಿಂತ ಮೊದಲೇ ಹೊತ್ತಿಕೊಳ್ಳುತ್ತದೆ. ಪಿಸ್ಟನ್ ಇನ್ನೂ ಮೇಲೆ ಬರುತ್ತಿರುವಾಗಲೇ ಉರಿ ಕೆಳಗೆ ತಳ್ಳುತ್ತದೆ. ನಾಕ್ ಸೆನ್ಸರಿಗೆ ಗೊತ್ತಾಗುವಷ್ಟರಲ್ಲಿ ರಿಂಗಿನ ಅಂಚು ಒಡೆದಿರುತ್ತದೆ. ಟೈಮಿಂಗ್ ಹಿಂದೆ ಸರಿಸಿ ಇದನ್ನು ತಡೆಯಲಾಗದು, ಯಾಕೆಂದರೆ ಇದು ಸ್ಪಾರ್ಕಿನಿಂದ ಹೊತ್ತಿದ್ದೇ ಅಲ್ಲ. ತಡೆಯುವುದು ಮೂರರಿಂದ: ಕೋಷ್ಟಕದಲ್ಲಿ 2,500ರ ಕೆಳಗೆ ಟಾರ್ಕ್ ಕಟ್ಟಿಹಾಕುವುದು, ಘಾಟಿಯಲ್ಲಿ ಎಸ್ ಅಥವಾ ಮ್ಯಾನುವಲ್ ಮೋಡ್ ಹಾಕಿ 3,000ದ ಮೇಲೆ ಇಡುವುದು, ಮತ್ತು ಸರಿಯಾದ ಆಯಿಲ್. ಆಯಿಲಿನಲ್ಲಿ ಕ್ಯಾಲ್ಸಿಯಂ ಮೂಲದ ಡಿಟರ್ಜೆಂಟ್ ಹೆಚ್ಚಿದ್ದರೆ ಈ ಅಕಾಲ ದಹನ ಹೆಚ್ಚು. ಎಪಿಐ ಎಸ್‌ಪಿ ಅನ್ನುವ ಆಯಿಲ್ ದರ್ಜೆಗೆ ಇದನ್ನು ನೋಡುವ ಪರೀಕ್ಷೆ ಸೇರಿಸಿದ್ದಾರೆ. ಇಂಜಿನ್ ಕಂಪನಿಯ ಅನುಮೋದನೆಯ ಜೊತೆ ಡಬ್ಬಿಯ ಮೇಲೆ ಅದನ್ನೂ ನೋಡಿ, 5ಡಬ್ಲ್ಯು-40 ಹಾಕಿ, 5,000 ಕಿಲೊಮೀಟರಿಗೆ ಬದಲಿಸಿ. ಆಯಿಲ್ ಶಾಖ 130 ದಾಟಿದರೆ ಕಾಲು ತೆಗೆಯಿರಿ.

ಇಳಿಯುವಾಗ ಬ್ರೇಕು. ಡಾಟ್ 4 ಫ್ಲೂಯಿಡ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿಗೆ ಕುದಿಯುತ್ತದೆ, ತೇವ ಹೀರಿದ ಮೇಲೆ ಅದರ ಮಿತಿ 155ಕ್ಕೆ ಬಂದಿರುತ್ತದೆ. ಡಾಟ್ 5.1ಗೆ ಈ ಅಂಕಿಗಳು 260 ಮತ್ತು 180. ನಮ್ಮ ತೇವದಲ್ಲಿ ಎರಡು ವರ್ಷ ಕಾಯಬೇಡಿ, ಪ್ರತಿ ವರ್ಷ ಮಳೆಗಾಲ ಮುಗಿದ ಮೇಲೆ ಬದಲಿಸಿ. ಒದ್ದೆ ರಸ್ತೆಯಲ್ಲಿ ಮುಂದಿನ ಎರಡೇ ಚಕ್ರ 370 ಪಿಎಸ್ ಹಿಡಿಯಲಾರವು. ಒಂದನೇ ಗೇರಿಗೆ 280, ಎರಡಕ್ಕೆ 340, ಮೂರರಿಂದ ಮೇಲೆ 420 ಅಂತ ಗೇರಿನ ಪ್ರಕಾರ ಟಾರ್ಕ್ ಹಂಚಿ. ಡ್ರೈವ್ ಶಾಫ್ಟೂ ಉಳಿಯುತ್ತದೆ. ಈ ಕಾರಿನ ಆರು ಗೇರಿನ ವೆಟ್ ಕ್ಲಚ್ ಡಿಎಸ್‌ಜಿಯನ್ನು (ಎರಡು ಕ್ಲಚ್ಚಿನ ಆಟೊಮ್ಯಾಟಿಕ್ ಗೇರ್‌ಬಾಕ್ಸನ್ನು) ಸುಮಾರು 350 ಎನ್‌ಎಂಗೆ ಅಂತ ಮಾಡಿದ್ದು. 420ಕ್ಕೆ ಹೋಗುವಾಗ ಗೇರ್‌ಬಾಕ್ಸಿನ ಸಾಫ್ಟ್‌ವೇರಿನಲ್ಲಿ ಕ್ಲಚ್ ಒತ್ತಡ ಏರಿಸಬೇಕು, ಅದರ ಆಯಿಲ್ ಮತ್ತು ಫಿಲ್ಟರನ್ನು 40,000 ಕಿಲೊಮೀಟರಿಗೆ ಬದಲಿಸಬೇಕು.

ಕಾನೂನು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಆರ್‌ಸಿಯ ವಿವರಗಳು ತಯಾರಕರು ಕೊಟ್ಟಿದ್ದಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸಾಮಾನು ಕೊಳ್ಳುವ ಮೊದಲೇ ಆರ್‌ಟಿಒದಲ್ಲಿ ಬರಹದಲ್ಲಿ ಕೇಳಿ, ವಿಮೆ ಕಂಪನಿಗೂ ತಿಳಿಸಿ. ಮುಚ್ಚಿಟ್ಟರೆ ಅಪಘಾತದ ದಿನ ಪರಿಹಾರ ಕೈಗೆ ಬರುವುದು ಅನುಮಾನ. ಒಪ್ಪಿಗೆ ಇಲ್ಲವೆಂದರೆ ಅದು ಟ್ರ್ಯಾಕಿನ ಕಾರು, ರಸ್ತೆಯದ್ದಲ್ಲ. ಸಾರ್ವಜನಿಕ ರಸ್ತೆಯಲ್ಲಿ ಪಂದ್ಯ ಕಟ್ಟುವುದು 189ನೇ ಸೆಕ್ಷನ್ ಪ್ರಕಾರ ಅಪರಾಧ. ಅಡಿಕೆ ಕೊಯ್ಲಿಗೆ ಹೋಗಿ ಬರುವ ಜನ, ಶಾಲೆಯ ಮಕ್ಕಳು ನಡೆಯುವ ರಸ್ತೆಗಳಿವು.

ಸಭೆಯಲ್ಲಿ ಒಬ್ಬರು ಕೇಳಿದ ಪ್ರಶ್ನೆ: ‘ನನ್ನ ಹತ್ತಿರ ಇರುವುದು 1.8 ಟಿಎಸ್‌ಐ, ಏಳು ಗೇರಿನ ಡ್ರೈ ಕ್ಲಚ್ ಡಿಎಸ್‌ಜಿ. ಇದರಲ್ಲಿ ಏನು ಮಾಡಬಹುದು ಸರ್?’

ಆ ಗೇರ್‌ಬಾಕ್ಸ್ ಡಿಕ್ಯು200, ಅದರ ಮಿತಿ 250 ಎನ್‌ಎಂ. ಕಂಪನಿ ಇಂಜಿನ್ನಿಗೂ ಅಷ್ಟೇ ಟಾರ್ಕ್ ಕೊಟ್ಟು 180 ಪಿಎಸ್‌ನಲ್ಲಿ ನಿಲ್ಲಿಸಿತ್ತು. ಅಲ್ಲಿ 350 ಎನ್‌ಎಂ ಸುರಿದರೆ ಬ್ಲಾಕಿಗೆ ಏನೂ ಆಗುವುದಿಲ್ಲ, ಕ್ಲಚ್ ಪ್ಯಾಕು ಸುಡುತ್ತದೆ, ಘಾಟಿಯಲ್ಲಿ ನಿಧಾನವಾಗಿ ಹತ್ತುವ ವಾಹನಗಳ ಸಾಲಿನಲ್ಲಿ ಇನ್ನೂ ಬೇಗ. ಆದರೆ ಲೆಕ್ಕ ಇಲ್ಲೂ ಅದೇ. ಟಾರ್ಕನ್ನು 250ರಲ್ಲೇ ಹಿಡಿದು, ಅದನ್ನು 6,200ರ ತನಕ ಬೀಳದ ಹಾಗೆ ಎಳೆದರೆ 220 ಪಿಎಸ್ ಸಿಗುತ್ತದೆ. ಅದಕ್ಕೆ ಬೇಕಾಗುವುದು ದೊಡ್ಡ ಇಂಟರ್‌ಕೂಲರು, ತಣ್ಣನೆಯ ಪ್ಲಗ್, ಮೇಲಿನ ಆರ್‌ಪಿಎಮ್‌ನಲ್ಲಿ ಮಾತ್ರ ಬೂಸ್ಟ್ ಏರಿಸಿದ ಮ್ಯಾಪು. ಟರ್ಬೊ ಹಳೆಯದೇ ಇರಲಿ.